ಪಾಲಾಗದ ಮಾಳಿಗೆಯ ಆಂಟೆನಾ ಕಾಳಗ

ಅಶ್ವಮೇಧದ ಕುದುರೆಗಳು ಲಾಯ ಸೇರಿ, ಚಕ್ರವರ್ತಿಗಳ ಕಿರೀಟಗಳು ವಸ್ತುಸಂಗ್ರಹಾಲಯದ ಗಾಜಿನೊಳಗೆ ಧೂಳು ತಿನ್ನತೊಡಗಿ, ಈ ಭೂಮಂಡಲದಲ್ಲಿ ವೀರರಿಗಿನ್ನು ಮಾಡಲು ಕೆಲಸವೇ ಉಳಿದಿಲ್ಲವೆಂದು ಅಷ್ಟದಿಕ್ಪಾಲಕರು ಎಂಟೂ ದಿಕ್ಕಿನಲ್ಲಿ ಆಕಳಿಸುತ್ತಿದ್ದ ಹೊತ್ತಿನಲ್ಲಿ ಮಾಳಿಗೆಗಳ ಮೇಲೆ ಕಂಬಗಳು ಮೊಳೆತವು. ಕಂಬಗಳ ತುದಿಯಲ್ಲಿ ಅಲ್ಯೂಮಿನಿಯಂ ಕಡ್ಡಿಗಳು ಸಾಲುಗಟ್ಟಿ ಹರಡಿದವು. ಗಂಧರ್ವ ನೇಕಾರನೊಬ್ಬ ಆಕಾಶವನ್ನೇ ಸೀರೆ ನೇಯಲು ಹೊರಟು ತನ್ನ ಮಗ್ಗದ ಹಣಿಗೆಯನ್ನು ಎತ್ತಿ ನಿಲ್ಲಿಸಿ ಊಟಕ್ಕೆ ಹೋಗಿರುವಂತೆ ಕಂಡವು. ಎಲೈ ಆಂಟೆನಾ ಯುಗವೇ, ಗಾಳಿಯಲ್ಲಿ ತೇಲಿಬರುವ ಹಾಡನ್ನೂ ಕುಣಿತವನ್ನೂ ಕಡ್ಡಿಯಿಂದ ಹಿಡಿದು ಪೆಟ್ಟಿಗೆಗೆ ಇಳಿಸಿದವಳೇ, ಕಾಗೆಗಳಿಗೆ ಆಸನ ಕೊಟ್ಟವಳೇ, ನಿನಗೆ ನಮಸ್ಕಾರ. ನಿನ್ನ ರಣಾಂಗಣಗಳಲ್ಲೆಲ್ಲ ಪರಮಘೋರವಾದದ್ದು ಇಳಕಲ್ಲಿನ ನೇಕಾರರ ಓಣಿಯ ಒಂದು ಮಣ್ಣಿನ ಮಾಳಿಗೆ. ಅದರ ವೃತ್ತಾಂತವನ್ನು ಕೇಳಿದವರ ಟೀವಿಯಲ್ಲಿ ಎಂದೂ ಗೆರೆ ಬೀಳದಿರಲಿ. ಕೇಳಿದ ಮೇಲೂ ಬಿದ್ದರೆ ಕಂಬವನ್ನು ಸ್ವಲ್ಪ ತಿರುಗಿಸಿ ನೋಡಲಿ.

ಆ ಮಾಳಿಗೆಯ ಕೆಳಗೆ ಮೂವರು ಸಹೋದರ ವೀರರು ವಾಸವಾಗಿದ್ದರು. ಜ್ಯೇಷ್ಠನು ಕಾಡಪ್ಪ, ಕುಣಿಮಗ್ಗದಲ್ಲಿ ಕಾಲಿಟ್ಟರೆ ನಾಲ್ಕು ಓಣಿಗೆ ಸಪ್ಪಳ ಕೇಳಿಸುವ ಲಾಳಿಘೋಷಪ್ರಚಂಡ, ಒಂದೆಳೆ ಹರಿದರೂ ಊಟ ಬಿಡುವ ಸೂತ್ರವ್ರತಧಾರಿ. ಮಧ್ಯಮನು ಮುರಿಗೆಪ್ಪ, ಇಬ್ಬರ ನಡುವೆ ಹುಟ್ಟಿದ್ದರಿಂದ ಎಲ್ಲದಕ್ಕೂ ಹೌದೆನ್ನುತ್ತಿದ್ದ ಉಭಯಪಕ್ಷಶಿರಃಕಂಪನಪಟು. ಕನಿಷ್ಠನು ಪಂಪಣ್ಣ, ಮಾವನ ಮನೆಯಿಂದ ಬಂದ ಹೊಸ ಟೀವಿಯ ಒಡೆಯ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕ್ರಾಪಿನ ಸ್ನಿಗ್ಧಕೇಶಭಾರವಿರಾಜಿತ. ತಂದೆ ತೀರಿದ ಮೇಲೆ ಮೂವರೂ ಬೇರೆಯಾದರು. ಒಲೆ ಮೂರಾದವು, ಮಗ್ಗ ಮೂರಾದವು, ಅಂಗಳದಲ್ಲಿ ಗೋಡೆಗಳೆದ್ದವು. ಆದರೆ ಪಾಲಿನ ದಿನ ಮುದುಕಿ ತಾಯಿ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತು ಒಂದು ಮಾತು ಹೇಳಿದ್ದಳು.

"ಒಲಿ ಮೂರ ಮಾಡ್ಕೋರಿ, ಬ್ಯಾಡ ಅನ್ನೂದಿಲ್ಲ. ಮಾಳಿಗಿ ಮಾತ್ರ ಪಾಲ ಮಾಡಬ್ಯಾಡ್ರಿ. ಮಳಿಗಾಲಕ್ಕ ಮೂರೂ ಮಂದಿ ಕೂಡೇ ಮಣ್ಣ ಹಾಕಬೇಕು. ಒಬ್ಬನ ಮಾಳಿಗಿ ಸೋರಿದ್ರ ಮೂರೂ ಮಂದಿ ತೋಯಬೇಕು."

ಇಷ್ಟು ಹೇಳಿ ಆಕೆ ಆ ವರ್ಷವೇ ಹೊರಟುಹೋದಳು. ಮಾಳಿಗೆ ಪಾಲಾಗದೆ ಉಳಿಯಿತು. ಅದರ ಮೇಲೊಂದು ಖೋಲಿಯಿತ್ತು, ಮೊದಲು ನೂಲಿನ ಲಡಿಗಳನ್ನಿಡುತ್ತಿದ್ದದ್ದು. ಮಾಳಿಗೆ ಯಾರ ಪಾಲೂ ಅಲ್ಲವಾದ್ದರಿಂದ ಖೋಲಿಯೂ ಯಾರದೂ ಆಗಲಿಲ್ಲ.

ಈ ವೀರರಿಗೆ ತುಂಗವ್ವ ಎಂಬ ಸೋದರಿಯಿದ್ದಳು. ಇಬ್ಬರಿಗೆ ತಂಗಿ, ಪಂಪಣ್ಣನಿಗೆ ಅಕ್ಕ. ಮದುವೆಯಾಗಿ ಹೋದವಳು, ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕಿನ ಸಮೇತ ತಿರುಗಿ ಬಂದಳು. ಅದನ್ನು ಇದಕ್ಕಿಂತ ಉದ್ದವಾಗಿ ಹೇಳುವಂಥದ್ದೇನೂ ಇಲ್ಲ. ಬಂದಾಗ ಮೂರು ಒಲೆಗಳ ಬಳಿಯೂ ಜಾಗ ಸ್ವಲ್ಪ ಕಡಿಮೆ ಬಿದ್ದಿತು, ಮಾಳಿಗೆಯ ಖೋಲಿ ಖಾಲಿಯಿತ್ತು. ಅಲ್ಲಿರು ಎನ್ನಲು ಯಾರಿಗೂ ಏನೂ ಹೋಗುತ್ತಿರಲಿಲ್ಲ. ಅಲ್ಲಿಂದ ಏಳು ಎನ್ನಲು ಯಾರಿಗೂ ಹಕ್ಕಿರಲಿಲ್ಲ. ಆಕೆ ಅಲ್ಲಿ ಕೂತು ಮೂವರ ಮಗ್ಗದ ಲಾಳಿಗಳಿಗೂ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದಳು. ಮಾತು ಕಡಿಮೆ. ನಗು ಬಂದರೆ ಚರಕದ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಹೀಗಿರಲು, ಒಂದು ಶನಿವಾರದ ಮಧ್ಯಾಹ್ನ, ಸೂರ್ಯದೇವನು ಮಾಳಿಗೆಯ ಮಣ್ಣನ್ನು ರೊಟ್ಟಿಯ ಹಂಚಿನಂತೆ ಕಾಯಿಸುತ್ತಿದ್ದಾಗ, ಸ್ನಿಗ್ಧಕೇಶನಾದ ಪಂಪಣ್ಣನು ಹೆಗಲ ಮೇಲೆ ಕಬ್ಬಿಣದ ಕಂಬವನ್ನೂ ಕಂಕುಳಲ್ಲಿ ನವೀನ ಆಂಟೆನಾವನ್ನೂ ಧರಿಸಿ ಮೆಟ್ಟಿಲೇರಿ ಬಂದನು. ಬಂದವನು ಕಂಬವನ್ನು ಇಳಿಸಿ, ಜೇಬಿನಿಂದ ನೀಲಿಯಲ್ಲಿ ಅದ್ದಿದ ನೂಲಿನುಂಡೆ ತೆಗೆದು, ಈ ಕಟ್ಟೆಯಿಂದ ಆ ಕಟ್ಟೆಗೆ ಎಳೆಯತೊಡಗಿದನು. ಮೊದಲ ನೂಲು ಕಾಡಪ್ಪನ ಟೀವಿಯ ಹಳೆಯ ಕಂಬದ ಪಕ್ಕ ಹಾಯಿತು. ಎರಡನೆಯದು ಖೋಲಿಯ ಹೊಸ್ತಿಲ ನಟ್ಟನಡುವೆ ಬಂದು ನಿಂತಿತು. ಬಾಗಿಲಲ್ಲಿ ಚರಕದ ಮುಂದೆ ಕೂತಿದ್ದ ತುಂಗವ್ವ ನೋಡಿದಳು: ಆಕೆಯ ಒಂದು ಮೊಣಕಾಲು ಮುರಿಗೆಪ್ಪನ ಪಾಲಿಗೆ ಹೋಗಿತ್ತು, ಇನ್ನೊಂದು ಪಂಪಣ್ಣನ ಪಾಲಿಗೆ.

"ಏನೋ ಪಂಪ್ಯಾ ಇದು?"

"ಕಂಬ, ಅಕ್ಕ."

"ಕಂಬ ಕಾಣ್ತೈತಿ. ನೂಲ ಯಾಕ?"

"ನನ್ನ ಕಂಬ ನನ್ನ ಪಾಲಿನ್ಯಾಗ ನಿಂದರಬೇಕಲ್ಲ. ಪಾಲ ಯಾವುದು ಅಂತ ಮೊದಲ ಗೊತ್ತಾಗಬೇಕು." ಅವನು ತಲೆಯೆತ್ತಲಿಲ್ಲ. "ಹೊಸಾ ಟೀವಿ ಬಂದು ಒಂದ ತಿಂಗಳಾತು. ಮುಸುಕ ಹಾಕಿ ಇಟ್ಟೇವಿ. ನನ್ನ ಹೇಣ್ತಿ ದಿನಾ ಅದರ ಧೂಳ ಒರಸ್ತಾಳ. ಇನ್ನೂ ಎಷ್ಟ ದಿನ ದೊಡ್ಡಣ್ಣನ ಮನ್ಯಾಗ ಚಾಪಿ ಹಾಸ್ಕೊಂಡು ನೋಡೂದು?"

"ಈ ಖೋಲಿ?"

ಪಂಪಣ್ಣ ನೂಲನ್ನು ನೋಡಿದ, ಹೊಸ್ತಿಲನ್ನು ನೋಡಿದ. "ಅದನ್ನ ನಾನೂ ಮುರಿಗೆಪ್ಪಣ್ಣನೂ ಕೂತು ಏನರ ಮಾಡ್ತೀವಿ ತಗೊ," ಎಂದ.

ಏನರ ಮಾಡ್ತೀವಿ ಎಂದರೆ ಏನೆಂದು ತುಂಗವ್ವನಿಗೆ ಗೊತ್ತಿತ್ತು. ನಡುವೆ ಗೋಡೆ ಎದ್ದ ಖೋಲಿಯಲ್ಲಿ ಟ್ರಂಕು ಹಿಡಿಯುತ್ತದೆ, ಟ್ರಂಕಿನ ಒಡತಿ ಹಿಡಿಯುವುದಿಲ್ಲ.

ಅಷ್ಟರಲ್ಲಿ ಕಂಬ ಕೆಳಗಿಟ್ಟ ಸಪ್ಪಳ ಕೇಳಿ ಕಾಡಪ್ಪನು ಪಿಂಗಾಕ್ಷನಾಗಿ, ಕಂಪಿತಾಧರನಾಗಿ, ಮಗ್ಗದ ಕುಣಿಯಿಂದ ನರಸಿಂಹನು ಕಂಬದಿಂದ ಎದ್ದಂತೆ ಎದ್ದು, ಮೆಟ್ಟಿಲುಗಳನ್ನು ತುಳಿಯುತ್ತ ಮೇಲೆ ಬಂದನು. ಅವನ ಹಿಂದೆ ಮುರಿಗೆಪ್ಪನು ಈಗಲೇ ತಲೆಯಾಡಿಸುತ್ತ ಬಂದನು. ಆಗ ಜ್ಯೇಷ್ಠನ ಹೃದಯದಲ್ಲಿ ಎದ್ದ ಮಾತುಗಳನ್ನು ಕಾವ್ಯದಲ್ಲಿ ಹೇಳುವುದಾದರೆ ಹೀಗೆ: ಎಲೈ ಕುಲಕಂಟಕನಾದ ಕನಿಷ್ಠನೇ, ಯಾವ ಮಾಳಿಗೆಯ ಮೇಲೆ ನಮ್ಮ ಅಜ್ಜ ಮುತ್ತಜ್ಜಂದಿರು ನೂಲೊಣಗಿಸಿದರೋ, ಯಾವ ಮಾಳಿಗೆಯ ಮಣ್ಣನ್ನು ಮಾತೆಯು ತನ್ನ ಕೈಯಿಂದ ಬಡಿದು ಗಟ್ಟಿ ಮಾಡಿದಳೋ, ಅದರ ಎದೆಯ ಮೇಲೆ ನೀಲಿಗೆರೆ ಎಳೆಯುವ ನಿನ್ನ ಬಾಹು ಕಂಡಿಕೆ ಮುಗಿದ ಲಾಳಿಯಂತೆ ಬರಿದಾಗಲಿ.

ಬಾಯಲ್ಲಿ ಬಂದದ್ದು ಇಷ್ಟು: "ಇಳಿ ಕೆಳಗ."

"ಇಳ್ಯಾಂಗಿಲ್ಲ."

"ಅವ್ವ ಏನ ಹೇಳ್ಯಾಳ?"

"ಅವ್ವ ಮಣ್ಣಿನ ಮಾತ ಹೇಳ್ಯಾಳ. ಟೀವಿ ಮಾತ ಹೇಳಿಲ್ಲ."

"ಹೌದು, ಅದೂ ಖರೇನ," ಎಂದನು ಮುರಿಗೆಪ್ಪ. ಕಾಡಪ್ಪ ತಿರುಗಿ ನೋಡಲು, "ಆದ್ರ ಮಣ್ಣೂ ಖರೇನ," ಎಂದು ಸೇರಿಸಿದನು. ಅವನ ಮನೆಯಲ್ಲೂ ದಸರೆಗೆ ತಂದ ಟೀವಿಯೊಂದು ಕಸೂತಿಯ ಹೊದಿಕೆ ಹೊದ್ದು, ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ ಹೊತ್ತು ನಿಂತಿತ್ತು.

ಕಂಬಗಳೆರಡರ ನಡುವೆ ಸಹೋದರರು ಎದೆ ಎದೆ ತಾಗುವಷ್ಟು ಹತ್ತಿರ ನಿಂತರು. ಗಾಳಿ ನಿಂತಿತು. ಕಾಗೆಯೊಂದು ಹಳೆಯ ಆಂಟೆನಾದಿಂದೆದ್ದು ಮುಂದಿನ ಮನೆಯ ಆಂಟೆನಾದ ಮೇಲೆ ಕೂತು, ಅಲ್ಲಿಂದ ಚೆನ್ನಾಗಿ ಕಾಣುತ್ತದೆಯೇ ಎಂದು ನೋಡಿತು. ಆಗ ತುಂಗವ್ವ ಚರಕ ನಿಲ್ಲಿಸಿದಳು.

"ಒಂದ ಸೀರ್ಯಾಗ ಮೈ, ಅಂಚು, ಸೆರಗು ಮೂರೂ ಕೂಡಸ್ತೀರಿ. ಒಂದ ಕಂಬದಾಗ ಮೂರು ಟೀವಿಗೆ ಕೊಡಾಕ ಬರೂದಿಲ್ಲೇನು?"

ಮೂವರೂ ಅವಳ ಕಡೆ ನೋಡಿದರು. ಅವಳಿಗೆ ಟೀವಿಯ ಬಗ್ಗೆ ಏನೂ ಗೊತ್ತಿರಲಿಲ್ಲ. ಹೊಸ್ತಿಲ ಮೇಲಿನ ನೂಲು ನೋಡಿ ನೋಡಿ ಬಾಯಿಗೆ ಬಂದದ್ದನ್ನು ಹೇಳಿದ್ದಳು. ಆದರೆ ನೇಕಾರನೆದುರು ಬರೂದಿಲ್ಲೇನು ಎಂದು ಕೇಳುವುದು ಕ್ಷತ್ರಿಯನೆದುರು ಬಿಲ್ಲನ್ನು ಎಸೆದಂತೆ. ಕಾಡಪ್ಪನ ಮೀಸೆಯ ತುದಿ ಎದ್ದಿತು.

"ಬರೂದಿಲ್ಲ ಅಂದಾಂವ ಯಾಂವ?" ಎಂದನು. "ಈ ಕೈಯಾಗ ಸೆರಗಿಗೆ ಮೈ ಜೋಡಿಸೇನಿ. ಎಳಿ ಎಲ್ಲಿ ಕೂಡೇತಿ ಅಂತ ಬೆರಳಾಡಿಸಿದವನಿಗೂ ಗೊತ್ತಾಗಿಲ್ಲ. ವಾಯರ್ ಯಾವ ಲೆಕ್ಕ?"

ಪಂಪಣ್ಣನು ಆಗ ಓಣಿಯೆಲ್ಲ ಕೇಳುವಂತೆ ಪ್ರತಿಜ್ಞೆ ಮಾಡಿದನು. ನಾಳೆ ಭಾನುವಾರ ಸಂಜೆ ಸಿನಿಮಾ ಶುರುವಾಗುವಷ್ಟರಲ್ಲಿ ತನ್ನ ಟೀವಿಯಲ್ಲಿ ಚಿತ್ರ ಮೂಡಬೇಕು. ಮೂಡಿದರೆ ಈ ಕಂಬವನ್ನು ತಾನೇ ಹೊತ್ತು ಕೆಳಗಿಳಿಸುತ್ತಾನೆ. ಮೂಡದಿದ್ದರೆ ನೂಲಿದ್ದಲ್ಲಿ ಇಟ್ಟಿಗೆ ಬೀಳುತ್ತದೆ. ಹಾಗೆಂದು ನೂಲನ್ನು ಸುತ್ತಿ ಕಂಬದ ಬುಡದಲ್ಲಿಟ್ಟು ಹೋದನು.

ಮರುದಿನ ಬೆಳಿಗ್ಗೆ ಮುರಿಗೆಪ್ಪನು ಪೇಟೆಗೆ ದಂಡಯಾತ್ರೆ ಹೋಗಿ ಎರಡು ಸುರುಳಿ ಚಪ್ಪಟೆ ವಾಯರ್ ಗೆದ್ದು ತಂದನು. ರಿಬ್ಬನ್ನಿನಂತೆ ಪಟ್ಟಿಯಾಗಿದ್ದ ಅದರ ಎರಡು ಅಂಚಿನಲ್ಲಿ ತಾಮ್ರದ ತಂತಿಗಳು ಪ್ಲಾಸ್ಟಿಕ್ಕಿನೊಳಗೆ ಹುದುಗಿದ್ದವು.

"ಅಂಗಡಿಯಾಂವ ತುದಿ ಸುಲದು ಜೋಡಸ್ರಿ ಅಂದಾನ," ಎಂದನು ಮುರಿಗೆಪ್ಪ.

ಕಾಡಪ್ಪನ ಮುಖ ಕಪ್ಪಾಯಿತು. "ಸುಲೀಬೇಕಾ? ಎಳಿ ಸುಲೀತಾರೇನು? ಸುಲಿಯೂದು ಬಾಳಿಹಣ್ಣಿನ್ನ. ಎಳಿ ಮೈ ಕೆರದಾಂವ ನೇಕಾರ ಹೆಂಗ ಆದಾನು?"

"ಹಂಗೂ ಖರೇನ."

"ಕತ್ತರಿನೂ ತರಬ್ಯಾಡ. ಸೀರಿ ಮುಗಿಯೂ ಮಟ ಮಗ್ಗದ ಎಳಿಗೆ ಕತ್ತರಿ ತೋರಿಸಬಾರದು."

ಹೀಗೆ ಕತ್ತರಿಯಿಲ್ಲದೆ, ಚಾಕುವಿಲ್ಲದೆ, ಸುಲಿಯದೆ, ಕೆರೆಯದೆ, ಇಳಕಲ್ಲಿನ ಸೀರೆಗೆ ಸೆರಗು ಕೂಡಿಸುವ ಪರಮರಹಸ್ಯ ವಿದ್ಯೆಯಾದ ಕೊಂಡಿಯಿಂದ ಆ ವಾಯರುಗಳನ್ನು ಕೂಡಿಸುವ ಮಹಾಕಾರ್ಯ ಆರಂಭವಾಯಿತು. ಕೊಂಡಿಯೆಂದರೆ ಸೆರಗಿನ ಎಳೆಯನ್ನು ಕುಣಿಕೆ ಮಾಡಿ, ಅದರೊಳಗೆ ಮೈಯ ಎಳೆಯ ಕುಣಿಕೆ ತೂರಿಸಿ, ಎರಡನ್ನೂ ಒಂದರ ಕುತ್ತಿಗೆ ಒಂದು ಹಿಡಿಯುವಂತೆ ಬಿಗಿಯುವುದು. ಬೆರಳಿಗೆ ಬೂದಿ ಹಚ್ಚಿಕೊಂಡು ಕಾಡಪ್ಪನು ಪದ್ಮಾಸನದಲ್ಲಿ ಕೂತನು. ಹಳೆಯ ವಾಯರು ಸಾಕ್ಷಾತ್ ಆದಿಶೇಷನಂತೆ ಆಂಟೆನಾದಿಂದ ಇಳಿದು ಬಂದಿತ್ತು. ಅದರ ನಡುಮೈಯಲ್ಲಿ ಒಂದು ಮಡಿಕೆ ಎತ್ತಿ, ಮುರಿಗೆಪ್ಪನ ವಾಯರನ್ನು ತೂರಿಸಿ, ಪಂಪಣ್ಣನ ವಾಯರನ್ನು ಹೊಸೆದು, ಎಡದ ಅಂಚು ಎಡಕ್ಕೂ ಬಲದ ಅಂಚು ಬಲಕ್ಕೂ ತಪ್ಪದಂತೆ, ಕುಣಿಕೆಯೊಳಗೆ ಕುಣಿಕೆ, ಅದರೊಳಗೆ ಇನ್ನೊಂದು ಕುಣಿಕೆ. ಉಸಿರು ಬಿಡಲೂ ಅವನು ಮುಖ ಆಚೆ ತಿರುಗಿಸುತ್ತಿದ್ದನು. ಕೊನೆಗೆ, ಎಳೆ ಗಟ್ಟಿಯಾಗಬೇಕೆಂದರೆ ಏನು ಮಾಡಬೇಕೆಂದು ಯಾವ ನೇಕಾರನಿಗೆ ಹೇಳಿಕೊಡಬೇಕು? ಹುಳಿ ಬಂದ ಜೋಳದ ಗಂಜಿಯನ್ನು ತಂಬಿಗೆಯಲ್ಲಿ ತಂದು ಕೊಂಡಿಗೆ ಮೂರು ಕೈ ಬಳಿದರು. ಬಿಸಿಲಿಗೆ ಅದು ಒಣಗಿ, ತೆಳ್ಳಗೆ ಹೊಳೆದು, ಘಮ್ಮೆಂದಿತು.

ಅಂಥ ಜೋಡಣೆಯನ್ನು ದೇವಶಿಲ್ಪಿಯೂ ಮಾಡಿರಲಿಕ್ಕಿಲ್ಲ. ತುಂಗವ್ವ ಬಗ್ಗಿ ನೋಡಿ, "ಚಲೋ ಆಗೇತಿ," ಎಂದಳು. ನಿಜವಾಗಿಯೂ ಚೆನ್ನಾಗಿತ್ತು. ಸೆರಗಾಗಿದ್ದರೆ ಯಾರಾದರೂ ಉಡಬಹುದಿತ್ತು.

ಸಂಜೆಯಾಯಿತು. ಮೂರು ಮನೆಗಳಲ್ಲಿ ಮೂರು ಟೀವಿಗಳು ಏಕಕಾಲದಲ್ಲಿ ಹೊತ್ತಿಕೊಂಡವು. ಕಾಡಪ್ಪನ ಪೆಟ್ಟಿಗೆಯಲ್ಲಿ ಜಾಹೀರಾತಿನ ಹೆಂಗಸೊಬ್ಬಳು ಬಿಳಿ ಬಟ್ಟೆಯನ್ನು ಇನ್ನೂ ಬಿಳಿಯಾಗಿಸಿ ಕೊಡವಿದಳು. ಉಳಿದಿಬ್ಬರ ಪೆಟ್ಟಿಗೆಗಳಲ್ಲಿ ಹಿಮಾಲಯ ಮಾತ್ರ ಕಂಡಿತು, ಅದೂ ಹಿಮ ಸುರಿಯುತ್ತಿರುವಾಗಿನದು.

ಇನ್ನು ಆ ಕಾಳಗವನ್ನು ಏನೆಂದು ವರ್ಣಿಸಲಿ. ಕಾಡಪ್ಪನು ಕಂಬವನ್ನು ಎರಡೂ ಕೈಯಿಂದ ಅಪ್ಪಿ ಪೂರ್ವಕ್ಕೆ ತಿರುಗಿಸಿದನು. ಪೂರ್ವದಿಕ್ಕು ಬರಿಗೈಯಲ್ಲಿ ಕಳಿಸಿತು. ಪಶ್ಚಿಮಕ್ಕೆ ತಿರುಗಿಸಿದನು, ಬಿಳಿ ಬಟ್ಟೆಯ ಹೆಂಗಸೂ ಹೋದಳು. ಮೊದಲಿನ ದಿಕ್ಕಿಗೇ ತಂದು ನಿಲ್ಲಿಸಿದನು, ಆಕೆ ಅವನೊಬ್ಬನ ಪೆಟ್ಟಿಗೆಗೇ ಮರಳಿದಳು. ಮೆಟ್ಟಿಲ ಮೇಲೆ ನಿಂತಿದ್ದ ಮುರಿಗೆಪ್ಪನು ಮೇಲಿನ ಮಾತನ್ನು ಕೆಳಗೆ, ಕೆಳಗಿನ ಬೈಗುಳವನ್ನು ಮೇಲೆ, ಎರಡಕ್ಕೂ ತಲೆಯಾಡಿಸುತ್ತ ಸಾಗಿಸಿದನು. ಪಂಪಣ್ಣನು ತನ್ನ ಟೀವಿಯ ನೆತ್ತಿಯ ಮೇಲೆ ಗದಾಪ್ರಹಾರ ಮಾಡಿದನು. ಮಾವ ಕೊಟ್ಟದ್ದೆಂದು ಹೆಂಡತಿ ಅಡ್ಡ ಬಂದಳು.

"ಕೊಂಡಿ ಸಡ್ಲ ಆಗೇತಿ," ಎಂದು ಪಂಪಣ್ಣ ಕೆಳಗಿನಿಂದ ಗರ್ಜಿಸಿದ.

ಕಾಡಪ್ಪನಿಗೆ ಕೇಳಿಸಿತು. ಕಂಬ ಬಿಟ್ಟನು. ಜನ್ಮದಲ್ಲಿ ಅವನನ್ನು ಜಿಪುಣ ಎಂದವರಿದ್ದರು, ಸಿಟ್ಟಿನವ ಎಂದವರಿದ್ದರು. ಕೊಂಡಿ ಸಡಿಲ ಎಂದವರು ಹುಟ್ಟಿರಲಿಲ್ಲ.

"ನನ್ನ ಕೊಂಡಿ ಸಡ್ಲ? ನಿನ್ನ ಮಾವ ಕೊಟ್ಟ ಡಬ್ಬಿ ತಗೊಂಡ ಹೋಗಿ ಜ್ವಾಳ ತುಂಬು," ಎನ್ನುತ್ತ ಅವನು ಮೆಟ್ಟಿಲಿಳಿದನು. ನಡುವಿದ್ದ ಮುರಿಗೆಪ್ಪನನ್ನೂ ಪ್ರವಾಹದಲ್ಲಿ ಕೊರಡಿನಂತೆ ಕೊಚ್ಚಿಕೊಂಡು ಹೋದನು. ಕೆಳಗೆ ಪಂಪಣ್ಣನ ಪಡಸಾಲೆಯಲ್ಲಿ ಮೂರು ಕಂಠಗಳು ಒಟ್ಟಿಗೆ ಎದ್ದವು. ಜಗಳದ ಮಾತಿನಲ್ಲಿ ಮಾವ ಬಂದ, ಅಂಗಳದ ಗೋಡೆ ಬಂತು, ಪಾಲಿನ ದಿನ ಕಾಣೆಯಾದ ಹಿತ್ತಾಳೆಯ ಹಂಡೆ ಬಂತು. "ನಾಳೆನ ಗೌಂಡಿನ್ನ ಕರಸ್ತೀನಿ," ಎಂಬ ಪಂಪಣ್ಣನ ಮಾತೂ ಬಂತು.

ಮಾಳಿಗೆಯ ಮೇಲೆ ತುಂಗವ್ವ ಒಬ್ಬಳೇ ಉಳಿದಳು. ಗೋಡೆ ಕಟ್ಟುವ ಗೌಂಡಿಯ ಮಾತು ಕೇಳಿದ ಮೇಲೆ ಇನ್ನೇನು ಕೇಳುವುದೂ ಬೇಕಾಗಿರಲಿಲ್ಲ. ಟ್ರಂಕಿನ ಒಂದು ಕಡೆಯ ಹಿಡಿ ಮುರಿದಿತ್ತು. ಇಳಿಸುವಾಗ ಅದಕ್ಕೆ ಹಗ್ಗ ಕಟ್ಟಬೇಕಾಗುತ್ತದೆ. ಯಾವ ಒಲೆಯ ಬಳಿಗೆ ಇಳಿಸುವುದೆಂದು ಮಾತ್ರ ಹೊಳೆಯಲಿಲ್ಲ. ಕಾಡಪ್ಪನ ಮನೆಯಲ್ಲಿ ಅಡಿಗೆಮನೆಯ ಮೂಲೆ ಸಿಗಬಹುದು. ಸಿಕ್ಕರೆ ಚರಕ ಹೊರಗೆ.

ಆ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಮೆಲುವಾದ ಗೊರಸಿನ ಸಪ್ಪಳವಾಯಿತು. ಹಾ, ಯಾರಿವನು? ಕೂರ್ಚಶೋಭಿತವದನ, ಕುಟಿಲಶೃಂಗಧರ, ಅರ್ಧನಿಮೀಲಿತಪಿಂಗಲನೇತ್ರ, ಪರಗೃಹಪ್ರವೇಶದಲ್ಲಿ ಅನುಮತಿನಿರಪೇಕ್ಷ? ಇವನು ಎದುರುಮನೆಯ ರಾಚವ್ವನ ಹೋತ. ಓಣಿಯ ಯಾವ ಮಾಳಿಗೆಯನ್ನಾದರೂ ಏರಿ, ಯಾರ ಹಪ್ಪಳವನ್ನಾದರೂ ಮೂಸಿ, ಬೈಸಿಕೊಂಡು ಇಳಿದು ಹೋಗುವುದು ಇವನ ನಿತ್ಯವಿಧಿ. ಹುಳಿಗಂಜಿಯ ಪರಿಮಳವು ಮಧ್ಯಾಹ್ನದಿಂದಲೂ ಇವನ ಮೂಗಿಗೆ ದೂತರನ್ನು ಕಳಿಸುತ್ತಿತ್ತು. ಇವನು ನೇರವಾಗಿ ಕೊಂಡಿಯ ಬಳಿಗೆ ಹೋಗಿ, ಒಮ್ಮೆ ನೆಕ್ಕಿ, ಆಕಾಶ ನೋಡಿ, ಅಗಿಯತೊಡಗಿದನು.

ತುಂಗವ್ವ ಓಡಿಸಬೇಕೆಂದುಕೊಂಡಳು. ಕೈಯೆತ್ತಿದಳು ಕೂಡ. ಎದ್ದು ನಿಲ್ಲುವಷ್ಟು ಉಮೇದು ಬರಲಿಲ್ಲ. ನಾಳೆ ಇದು ಯಾರದೋ ಮಾಳಿಗೆ, ಯಾರದೋ ವಾಯರು, ತಿನ್ನುವವರು ತಿನ್ನಲಿ. ಎತ್ತಿದ ಕೈಯಿಂದ ಸೆರಗು ಸರಿಮಾಡಿಕೊಂಡು ಕೂತಳು. ಹೋತ ಒಂದೊಂದೇ ಕುಣಿಕೆಯನ್ನು ದವಡೆಗೆ ಕೊಟ್ಟು, ಗಂಜಿಯನ್ನೂ ಗಂಜಿಯ ಜೊತೆ ಪ್ಲಾಸ್ಟಿಕ್ಕನ್ನೂ ಸುಲಿದು ನುಂಗಿತು. ಕೆಳಗಿನ ತಾಮ್ರ ರುಚಿಸಲಿಲ್ಲವೆಂದು ಕಾಣುತ್ತದೆ. ತಲೆ ಕೊಡವಿ ಉಗುಳಿತು. ಸಿಪ್ಪೆ ಕಳೆದುಕೊಂಡ ತಾಮ್ರದ ತಂತಿಗಳು, ಕಾಡಪ್ಪನ ಕೊಂಡಿ ಇಟ್ಟ ಕ್ರಮದಲ್ಲೇ, ಎಡದ್ದು ಎಡಕ್ಕೂ ಬಲದ್ದು ಬಲಕ್ಕೂ ಒತ್ತಿಕೊಂಡು ಬಿದ್ದವು.

ಕೆಳಗೆ ಹಂಡೆಯ ಮಾತು ಅರ್ಧಕ್ಕೆ ನಿಂತಿತು.

"ಬಂತು," ಎಂದಳು ಪಂಪಣ್ಣನ ಹೆಂಡತಿ ಶಿವಲೀಲಾ.

"ನಮ್ಮಲ್ಲೂ ಬಂತು," ಎಂದು ಗೋಡೆಯಾಚೆಯಿಂದ ಮುರಿಗೆಪ್ಪನ ಮನೆಯವರು ಕೂಗಿದರು.

ಕಾಡಪ್ಪನ ಟೀವಿಯಲ್ಲಿ ಚಿತ್ರ ಮೊದಲಿಗಿಂತ ಸ್ವಲ್ಪ ಮಂಕಾಯಿತು. ಪಾಲು ಕೊಟ್ಟವನಿಗೆ ಅಷ್ಟು ಕಡಿಮೆಯಾಗಲೇಬೇಕು. ಆದರೆ ಮೂರು ಪಡಸಾಲೆಗಳಲ್ಲೂ ಸಿನಿಮಾದ ಹೆಸರು ಒಟ್ಟಿಗೆ ಮೂಡಿತು, ಮೂರರಲ್ಲೂ ತುಸು ಓರೆಯಾಗಿ.

ಆಗ ವೀರರು ಜಯಘೋಷ ಮಾಡಿದರು. "ನೋಡಿದ್ಯಾ, ಕೊಂಡಿ ಬಿಸಲಿಗೆ ಕುಂದರಬೇಕಿತ್ತು. ಕೂತೈತಿ," ಎಂದನು ಕಾಡಪ್ಪ. "ಎರಡ ಏಟ ಹಾಕಿದ್ದಕ್ಕ ಬಂತು. ಯಾವುದಕ್ಕೂ ಏಟ ಬೀಳಬೇಕು," ಎಂದನು ಪಂಪಣ್ಣ. ಮುರಿಗೆಪ್ಪನು ಇಬ್ಬರಿಗೂ ತಲೆಯಾಡಿಸಿ, ವಾಯರು ಆರಿಸಿ ತಂದದ್ದು ತಾನೆಂಬುದನ್ನು ಮೆಲ್ಲನೆ ಸೇರಿಸಿದನು. ಪಂಪಣ್ಣ ಕೊಟ್ಟ ಮಾತಿನಂತೆ ಮೇಲೆ ಬಂದು ಕಂಬ ಹೊತ್ತು ಇಳಿದನು. ಹೋತ ಅವನಿಗೆ ದಾರಿ ಬಿಟ್ಟಿತು. ಅದರ ಗಡ್ಡದಲ್ಲಿದ್ದ ಪ್ಲಾಸ್ಟಿಕ್ಕಿನ ಚೂರನ್ನು ಅವನು ನೋಡಲಿಲ್ಲ, ತುಂಗವ್ವ ತೋರಿಸಲಿಲ್ಲ. ಅವಳು ಚರಕದ ಕಡೆ ಮುಖ ತಿರುಗಿಸಿಕೊಂಡು ಕೂತಿದ್ದಳು. ಹೆಗಲುಗಳು ಮಾತ್ರ ಕುಣಿಯುತ್ತಿದ್ದವು.

ಕೆಳಗೆ ಶಿವಲೀಲಾ ತನ್ನ ಟೀವಿ ನೋಡಿದಳು, ಗೋಡೆಯಾಚೆ ಮುರಿಗೆಪ್ಪನದನ್ನು ಇಣುಕಿದಳು, ಓಡಿಹೋಗಿ ಕಾಡಪ್ಪನದನ್ನು ನೋಡಿ ಬಂದಳು.

"ಮೂರರಾಗೂ ಅದ ಸಿನಿಮಾ ಐತಲ್ರಿ," ಎಂದಳು ಗಂಡನಿಗೆ.

"ಮತ್ತ? ಒಂದ ಟೇಷನ್ ಐತಿ."

"ಹಂಗಾರ ಮೂರು ಟೀವಿ ಯಾಕ್ರಿ?"

 ಮೊದಲ ಹಾಡು ಮುಗಿಯುವಷ್ಟರಲ್ಲಿ, ಕಾಡಪ್ಪನ ಮನೆಯಲ್ಲಿ ಶೇಂಗಾ ಹುರಿದಿದ್ದರೆಂದು, ಎಲ್ಲರೂ ಚಾಪೆ ಹಿಡಿದು ಅಲ್ಲಿಗೇ ಹೋಗಿ ಕೂತರು. ಉಳಿದೆರಡು ಟೀವಿಗಳು ಖಾಲಿ ಪಡಸಾಲೆಗಳಿಗೆ ಸಿನಿಮಾ ತೋರಿಸಿದವು.

ಸೋಮವಾರ ಬೆಳಿಗ್ಗೆ ರಾಚವ್ವ ಬಾಗಿಲಿಗೆ ಬಂದಳು. ಒಂದು ಕೈಯಲ್ಲಿ ಹೋತದ ಹಗ್ಗ, ಇನ್ನೊಂದು ಸೊಂಟದ ಮೇಲೆ. ಹೋತ ಹೊಟ್ಟೆ ಉಬ್ಬಿಸಿಕೊಂಡು, ಸಂನ್ಯಾಸ ತೆಗೆದುಕೊಂಡವರಂತೆ ಯಾರನ್ನೂ ನೋಡದೆ ನಿಂತಿತ್ತು.

"ಯಾರಪಾ ವಾಯರಿಗೆ ಗಂಜಿ ಬಳದಾಂವ? ರಾತ್ರಿಯಿಂದ ನನ್ನ ಹೋತ ಗಂಜಿ ಹತ್ತಿದ ಪ್ಲಾಸ್ಟಿಕ್ ಕಾರತೈತಿ. ಯಾರ ಜೋಡಿಸೀರಿ ಅದನ್ನ, ಮುಂದ ಬರ್ರಿ."

ಮೂವರು ವೀರರೂ ಹೊರಬಂದಿದ್ದರು. ಯಾರೂ ಮುಂದೆ ಬರಲಿಲ್ಲ.

"ಗಂಜಿ ತಂದಾಂವ ಮುರಿಗೆಪ್ಪ," ಎಂದನು ಕಾಡಪ್ಪ.

"ತಂದೀನಿ, ಖರೆ. ಬಳದದ್ದು ಅಣ್ಣ," ಎಂದನು ಮುರಿಗೆಪ್ಪ.

"ನನಗಂತೂ ಗೊತ್ತ ಇಲ್ಲಬೇ. ನಾ ಕೆಳಗ ಇದ್ದೆ," ಎಂದನು ಪಂಪಣ್ಣ.

"ನಿನ್ನ ಮಾಳಿಗಿ ಮ್ಯಾಲ ಆಗೇತಲ್ಲೋ," ಎಂದಳು ರಾಚವ್ವ. "ನಿನ್ನೆ ಮೊನ್ನೆ ನನ್ನ ಪಾಲು ನನ್ನ ಪಾಲು ಅಂತ ಓಣಿಗೆಲ್ಲಾ ಕೇಳೂ ಹಂಗ ಒದರತಿದ್ದಿ. ಆ ಕೊಂಡಿ ಯಾರ ಪಾಲಿನ್ಯಾಗ ಐತಿ, ತೋರಸು."

ಪಂಪಣ್ಣ ಕ್ರಾಪಿನ ಮೇಲೆ ಕೈಯಾಡಿಸಿಕೊಂಡನು. ಅಣ್ಣಂದಿರನ್ನು ನೋಡಿದನು. ಅವರೂ ಅವನನ್ನೇ ನೋಡುತ್ತಿದ್ದರು. ಆಗ ಕನಿಷ್ಠನು, ಎಡಗೈಯನ್ನು ಎದೆಯ ಮೇಲಿಟ್ಟು, ನಾಲ್ಕು ಮನೆಗಳ ಹೆಂಗಸರು ಸಾಕ್ಷಿಯಾಗಿ ನಿಂತಿರಲು, ಸ್ಪಷ್ಟವಾಗಿ ನುಡಿದನು.

"ನಮ್ಮ ಮಾಳಿಗಿ ಪಾಲ ಆಗಿಲ್ಲ ರಾಚವ್ವ. ಆಗೂದೂ ಇಲ್ಲ. ನಮ್ಮವ್ವ ಹೇಳ್ಯಾಳ, ಮೂರೂ ಮಂದಿದು ಕೂಡೇ ಐತಿ. ನನಗೊಬ್ಬನಿಗ್ಯಾಕ ಕೇಳ್ತಿ?"

"ಹೌದು," ಎಂದನು ಮುರಿಗೆಪ್ಪ.

"ಹೌದು," ಎಂದನು ಕಾಡಪ್ಪನೂ.

ಮೇಲಿನ ಕಟ್ಟೆಗೆ ಮೊಣಕೈ ಊರಿ ನಿಂತಿದ್ದ ತುಂಗವ್ವ ಆ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಖೋಲಿ ಅವಳದಾಗಿಯೇ ಉಳಿಯಿತು. ಎಂದರೆ, ಯಾರದೂ ಆಗದೆ ಉಳಿಯಿತು.

ರಾಚವ್ವ ಹಗ್ಗವನ್ನು ಕೈ ಬದಲಾಯಿಸಿಕೊಂಡು, ಮೂವರಿಗೂ ಕೂಡಿಯೇ ಬೈಯತೊಡಗಿದಳು, ಯಾರಿಗೆ ಎಷ್ಟೆಂದು ಪಾಲು ಹಚ್ಚದೆ.